ಜರಡಿಯ ಕಣ್ಣು

ಮನೆಯ ಮಾಡಿನ ಮೇಲೆ ಕಟ್ಟಿದ ಏರಿಯಲ್ ತಂತಿಗೆ ಯಾವ ವಿವೇಚನೆಯೂ ಇಲ್ಲ. ಆಕಾಶದಲ್ಲಿ ಹಾದುಹೋಗುವ ಸಕಲ ವಿದ್ಯುತ್ಕಾಂತ ತರಂಗಗಳೂ ಅದನ್ನು ತಟ್ಟುತ್ತವೆ. ತಟ್ಟಿದುದೆಲ್ಲವೂ ಅದರಲ್ಲಿ ಒಂದಿಷ್ಟು ವಿದ್ಯುತ್ತನ್ನು ಹುಟ್ಟಿಸುತ್ತದೆ. ಬೆಂಗಳೂರಿನ ವಾರ್ತೆ, ದೂರದ ನಗರವೊಂದರ ಸಂಗೀತ, ವಿಮಾನ ಚಾಲಕನ ಮಾತು, ನೆರೆಮನೆಯ ಮೋಟಾರಿನ ಕಿಡಿ, ಹತ್ತಾರು ಹರದಾರಿಗಳ ಆಚೆ ಹೊಳೆದ ಮಿಂಚು, ಇವೆಲ್ಲವೂ ಒಂದೇ ಕ್ಷಣದಲ್ಲಿ ಒಂದೇ ತಂತಿಯಲ್ಲಿ ಬೆರೆತು ಕೆಳಗಿಳಿಯುತ್ತವೆ. ಕೇಳುಗನಿಗೆ ಬೇಕಾದುದು ಇವುಗಳಲ್ಲಿ ಒಂದು ಮಾತ್ರ. ಆದುದರಿಂದ, ಸ್ವೀಕರಿಸುವುದೇ ಗ್ರಾಹಕ ಯಂತ್ರದ ಕೆಲಸವೆಂದು ಅದರ ಹೆಸರು ಸೂಚಿಸಿದರೂ, ಅದರ ಶ್ರಮದ ಬಹುಪಾಲು ನಿರಾಕರಿಸುವುದರಲ್ಲಿಯೇ ವ್ಯಯವಾಗುತ್ತದೆ.

ಈ ನಿರಾಕರಣೆಯ ಕೆಲಸವನ್ನು ಮಾಡುವ ಭಾಗಕ್ಕೆ ಶೋಧಕ ಅಥವಾ ಫಿಲ್ಟರ್ ಎಂದು ಹೆಸರು. ಕಣದಲ್ಲಿ ಕಾಳನ್ನು ಜರಡಿ ಹಿಡಿಯುವವರಿಗೆ ಅದರ ಸ್ವಭಾವವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜರಡಿಯ ಕಣ್ಣು ದೊಡ್ಡದಾದರೆ ಕಾಳಿನೊಡನೆ ಕಲ್ಲೂ ಇಳಿಯುತ್ತದೆ. ಚಿಕ್ಕದಾದರೆ ಒಳ್ಳೆಯ ಕಾಳೇ ಮೇಲೆ ಉಳಿದುಬಿಡುತ್ತದೆ. ರಾಗಿಗೆ ತಕ್ಕ ಜರಡಿ ಕಡಲೆಗೆ ಆಗದು. ರೇಡಿಯೋ ಶೋಧಕದಲ್ಲಿ ಈ ಕಣ್ಣಿನ ಅಳತೆಗೆ ಪಟ್ಟಿಯಗಲ ಎನ್ನುತ್ತಾರೆ. ಅದನ್ನು ಎಷ್ಟಕ್ಕೆ ಇರಿಸಬೇಕೆಂಬುದು ಮೇಲ್ನೋಟಕ್ಕೆ ಅತಿ ಸಣ್ಣ ಪ್ರಶ್ನೆ. ಆದರೆ ಈ ಸಣ್ಣ ಪ್ರಶ್ನೆಗೆ ಕೊಟ್ಟ ತಪ್ಪು ಉತ್ತರವೊಂದು ಭೂಮಿಯಿಂದ ಕೋಟ್ಯಂತರ ಕಿಲೋಮೀಟರುಗಳಾಚೆ ಒಂದು ಮಹಾಸಾಹಸವನ್ನೇ ನುಂಗಿಹಾಕುವುದರಲ್ಲಿತ್ತು. ಆ ಪ್ರಸಂಗಕ್ಕೆ ಬರುವ ಮೊದಲು, ಒಂದು ಬಾನುಲಿ ಕೇಂದ್ರಕ್ಕೆ ಆಕಾಶದಲ್ಲಿ ಅಗಲವೆಂಬುದು ಏಕೆ ಬೇಕೆಂಬುದನ್ನು ತಿಳಿಯಬೇಕು.

ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಆವೃತ್ತಿ 612 ಕಿಲೋಹರ್ಟ್ಸ್. ಎಂದರೆ ಸೆಕೆಂಡಿಗೆ 6,12,000 ಕಂಪನಗಳು. ಈ ತರಂಗವು ಏರಿಳಿತವಿಲ್ಲದೆ ಒಂದೇ ಸಮನೆ ಹೊರಡುತ್ತಿದ್ದರೆ ಅದರಲ್ಲಿ ಯಾವ ಸುದ್ದಿಯೂ ಇಲ್ಲ. ಅದು ಬರಿಯ ವಾಹಕ, ಹೊರೆಯಿಲ್ಲದ ಗಾಡಿ. ಮಾತನ್ನಾಗಲಿ ಹಾಡನ್ನಾಗಲಿ ಅದರ ಮೇಲೆ ಹೇರಿದಾಗ ಅದರ ಕಂಪನವಿಸ್ತಾರವು ಧ್ವನಿಗೆ ತಕ್ಕಂತೆ ಹೆಚ್ಚುತ್ತ ಕುಗ್ಗುತ್ತ ಹೋಗುತ್ತದೆ. ಹೀಗೆ ಬದಲಾಗುವ ತರಂಗವನ್ನು ಬಿಡಿಸಿ ನೋಡಿದರೆ ಅದರಲ್ಲಿ ಒಂದಲ್ಲ, ಮೂರು ತರಂಗಗಳು ಕಾಣುತ್ತವೆ. ಸೆಕೆಂಡಿಗೆ 1,000 ಕಂಪನಗಳುಳ್ಳ ಒಂದು ಸ್ವರವನ್ನು ಹೇರಿದರೆ 612ರ ಎರಡು ಪಕ್ಕಗಳಲ್ಲಿ, 611 ಮತ್ತು 613ರಲ್ಲಿ, ಎರಡು ಹೊಸ ತರಂಗಗಳು ಹುಟ್ಟುತ್ತವೆ. ಸ್ವರವು 4,000 ಕಂಪನಗಳದ್ದಾದರೆ ಅವು 608 ಮತ್ತು 616ರಲ್ಲಿ ನಿಲ್ಲುತ್ತವೆ. ಇವುಗಳಿಗೆ ಪಾರ್ಶ್ವಪಟ್ಟಿಗಳೆಂದು ಹೆಸರು. ಸುದ್ದಿಯೆಲ್ಲ ಇರುವುದು ಇವುಗಳಲ್ಲಿಯೇ. ಧ್ವನಿಯು ಎಷ್ಟು ಸೂಕ್ಷ್ಮವೂ ತಾರವೂ ಆಗಿರುವುದೊ ಅಷ್ಟು ಅಗಲದ ನೆಲವನ್ನು ಕೇಂದ್ರವು ಆಕಾಶದಲ್ಲಿ ಆಕ್ರಮಿಸಬೇಕಾಗುತ್ತದೆ.

ಹಾಗೆಂದು ಎಲ್ಲರೂ ಇಷ್ಟಬಂದಷ್ಟು ನೆಲವನ್ನು ಬೇಲಿ ಹಾಕಿಕೊಂಡರೆ ಉಳಿದವರಿಗೆ ಜಾಗವೆಲ್ಲಿ? 1975ರಲ್ಲಿ ಜಿನೀವಾದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವೊಂದು ಏಷ್ಯ, ಯೂರೋಪು, ಆಫ್ರಿಕಗಳ ಮಧ್ಯಮ ತರಂಗ ಕೇಂದ್ರಗಳಿಗೆ 9 ಕಿಲೋಹರ್ಟ್ಸ್‌ಗಳ ಅಂತರವನ್ನು ಗೊತ್ತುಮಾಡಿತು. ಆ ಏರ್ಪಾಡು 1978ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಅದರಂತೆ 612ರ ಅಕ್ಕಪಕ್ಕದ ನಿವೇಶನಗಳು 603 ಮತ್ತು 621. ಧಾರವಾಡ ಕೇಂದ್ರಕ್ಕೆ ದೊರೆತ 765ನ್ನು 9ರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲ. ಪಾಲಿಗೆ ಬಂದ 9 ಕಿಲೋಹರ್ಟ್ಸ್‌ಗಳನ್ನು ಎರಡು ಪಾರ್ಶ್ವಪಟ್ಟಿಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ ನಾಲ್ಕೂವರೆ. ಮನುಷ್ಯನ ಕಿವಿಯಾದರೊ ಸುಮಾರು 20,000 ಹರ್ಟ್ಸ್‌ಗಳವರೆಗೆ ಕೇಳಬಲ್ಲುದು. ಮಧ್ಯಮ ತರಂಗದಲ್ಲಿ ವೀಣೆಯ ನಾದವು ಸ್ವಲ್ಪ ಮಂಕಾಗಿ, ಗೋಡೆಯಾಚೆಯಿಂದ ಕೇಳಿದಂತೆ ತೋರುವುದಕ್ಕೆ ವೈಣಿಕನಾಗಲಿ ಧ್ವನಿವರ್ಧಕವಾಗಲಿ ಕಾರಣವಲ್ಲ. ತಂತಿಯಿಂದ ಹೊರಟ ಮೇಲಿನ ಅನುಸ್ವರಗಳಿಗೆ ಆ ಓಣಿಯಲ್ಲಿ ಸ್ಥಳವಿಲ್ಲ. ಮಾತಿಗೆ ಇಷ್ಟೂ ಬೇಡ. ಹಳೆಯ ಟೆಲಿಫೋನು 300ರಿಂದ 3,400 ಹರ್ಟ್ಸ್‌ಗಳವರೆಗಿನ ಧ್ವನಿಯನ್ನಷ್ಟೆ ಸಾಗಿಸುತ್ತಿತ್ತು. ಆದರೂ ಜನ ಅದರಲ್ಲಿ ಮದುವೆ ಮಾತುಕತೆಗಳನ್ನೂ ವ್ಯಾಪಾರವನ್ನೂ ಸುಗಮವಾಗಿ ನಡೆಸಿದರು. 'ಸ' ಮತ್ತು 'ಫ' ಅಕ್ಷರಗಳು ಮಾತ್ರ ಒಂದರಂತೆ ಇನ್ನೊಂದು ಕೇಳಿ, ಹೆಸರುಗಳನ್ನು ಬಿಡಿಸಿ ಹೇಳಬೇಕಾಗುತ್ತಿತ್ತು. ಆ ಅಕ್ಷರಗಳ ಸೀತ್ಕಾರವು 3,400ಕ್ಕಿಂತ ಮೇಲೆ ಹಬ್ಬಿರುವುದೇ ಇದಕ್ಕೆ ಕಾರಣ.

ಗ್ರಾಹಕದ ಶೋಧಕವನ್ನು ಅಗಲವಾಗಿ ತೆರೆದಿಟ್ಟರೆ ಏನಾಗುವುದೆಂಬುದನ್ನು ರಾತ್ರಿಯ ವೇಳೆ ಮಧ್ಯಮ ತರಂಗವನ್ನು ಕೇಳಿದವರೆಲ್ಲ ಬಲ್ಲರು. ಹಗಲಿನಲ್ಲಿ ದೂರದ ಕೇಂದ್ರಗಳ ತರಂಗಗಳು ವಾಯುಮಂಡಲದ ಮೇಲಿನ ಪದರಗಳಲ್ಲಿ ಹೀರಿಹೋಗುತ್ತವೆ. ಸೂರ್ಯ ಮುಳುಗಿದ ಮೇಲೆ ಆ ಪದರ ತೆಳುವಾಗಿ, ಇನ್ನೂ ಎತ್ತರದ ಪದರಗಳಿಂದ ಅವು ಪ್ರತಿಫಲಿಸಿ ಸಾವಿರಾರು ಕಿಲೋಮೀಟರುಗಳಾಚೆ ಇಳಿಯುತ್ತವೆ. ಆಗ 603ರಲ್ಲಿಯೂ 621ರಲ್ಲಿಯೂ ಅಪರಿಚಿತ ಭಾಷೆಗಳು ತಲೆದೋರುತ್ತವೆ. ಶೋಧಕ 9 ಕಿಲೋಹರ್ಟ್ಸ್‌ಗಳಿಗಿಂತ ಹೆಚ್ಚು ಅಗಲವಾಗಿದ್ದರೆ ಕನ್ನಡ ವಾರ್ತೆಯ ಹಿಂದೆ ಆ ಭಾಷೆಗಳ ಪಿಸುಮಾತು ಕೇಳಿಬರುತ್ತದೆ. ಅದನ್ನು 6ಕ್ಕೆ ಇಳಿಸಿದರೆ ಪಿಸುಮಾತು ಅಡಗುತ್ತದೆ. ವಾರ್ತೆ ಓದುವವರ ಕಂಠ ಸ್ವಲ್ಪ ಮೊದ್ದಾಗುತ್ತದೆ. ಯಾವುದು ಮೇಲೆಂಬುದನ್ನು ಆ ರಾತ್ರಿಯ ಆಕಾಶವೇ ನಿರ್ಧರಿಸಬೇಕು.

ನೆರೆಯ ಕೇಂದ್ರಗಳು ಒಂದೂ ಇಲ್ಲದಿದ್ದರೂ ಅಗಲಕ್ಕೆ ಬೆಲೆ ತೆರಲೇಬೇಕು. 1928ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಜಾನ್ ಜಾನ್ಸನ್ ಮತ್ತು ಹ್ಯಾರಿ ನೈಕ್ವಿಸ್ಟ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಮುಖ್ಯವಾದ ಸತ್ಯವನ್ನು ಪ್ರಕಟಿಸಿದರು. ಯಾವ ವಾಹಕವೇ ಆಗಲಿ, ಅದಕ್ಕೆ ಉಷ್ಣತೆಯಿರುವವರೆಗೆ ಅದರೊಳಗಿನ ಎಲೆಕ್ಟ್ರಾನುಗಳು ಸುಮ್ಮನಿರುವುದಿಲ್ಲ. ಅವುಗಳ ಗೊತ್ತುಗುರಿಯಿಲ್ಲದ ಓಡಾಟದಿಂದ ಒಂದು ಕ್ಷೀಣವಾದ ಗದ್ದಲ ಹುಟ್ಟುತ್ತಲೇ ಇರುತ್ತದೆ. ಜಾನ್ಸನ್ ಅದನ್ನು ಅಳೆದರು, ನೈಕ್ವಿಸ್ಟ್ ಅದರ ಸೂತ್ರವನ್ನು ಕೊಟ್ಟರು. ಈ ಗದ್ದಲವು ಎಲ್ಲ ಆವೃತ್ತಿಗಳಲ್ಲಿಯೂ ಸಮನಾಗಿ ಹರಡಿಕೊಂಡಿದೆ. ಆದಕಾರಣ ಶೋಧಕದ ಅಗಲವನ್ನು ಇಮ್ಮಡಿ ಮಾಡಿದರೆ ಒಳಬರುವ ಗದ್ದಲದ ಶಕ್ತಿಯೂ ಇಮ್ಮಡಿಯಾಗುತ್ತದೆ. ಮೋರ್ಸ್ ಸಂಕೇತಗಳ ಟಿಕ್ಕುಟಿಕ್ಕು 150 ಹರ್ಟ್ಸ್‌ಗಳ ಕಿರುಜಾಗದಲ್ಲಿ ಅಡಗಬಲ್ಲುದು. ಅದನ್ನು 9 ಕಿಲೋಹರ್ಟ್ಸ್‌ಗಳ ಶೋಧಕದ ಮೂಲಕ ಕೇಳುವ ಬದಲು 500 ಹರ್ಟ್ಸ್‌ಗಳ ಶೋಧಕದ ಮೂಲಕ ಕೇಳಿದರೆ ಸಂಕೇತದಲ್ಲಿ ಕಿಂಚಿತ್ತೂ ನಷ್ಟವಾಗದು. ಗದ್ದಲ ಮಾತ್ರ ಹದಿನೆಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪ್ರೇಷಕದ ಶಕ್ತಿಯನ್ನು ಹದಿನೆಂಟು ಪಟ್ಟು ಹೆಚ್ಚಿಸಿದರೆ ದೊರೆಯಬಹುದಾದ ಲಾಭವನ್ನು ಗ್ರಾಹಕದ ಒಂದು ಗುಂಡಿಯನ್ನು ತಿರುಗಿಸಿ ಪಡೆದಂತಾಯಿತು.

ಮೊದಮೊದಲಿನ ಗ್ರಾಹಕಗಳಲ್ಲಿ ಇಂತಹ ಗುಂಡಿ ಇರಲಿಲ್ಲ. ತಂತಿಯ ಸುರುಳಿ, ಒಂದು ಕಂಡೆನ್ಸರು, ಇವುಗಳ ಹೊಂದಾಣಿಕೆಯೇ ಶೋಧಕವಾಗಿತ್ತು. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಬಾನುಲಿ ಕೇಂದ್ರವನ್ನು ಆರಂಭಿಸಿದಾಗ ದೇಶದ ಆಕಾಶದಲ್ಲಿ ಕೇಂದ್ರಗಳು ಬೆರಳೆಣಿಕೆಯಷ್ಟಿದ್ದುದರಿಂದ ಅಷ್ಟೇ ಸಾಕಾಗುತ್ತಿತ್ತು. ಆದರೆ ಸುರುಳಿಯ ಜರಡಿಗೆ ಒಂದು ದೋಷವುಂಟು: ಅದನ್ನು ಹೆಚ್ಚಿನ ಆವೃತ್ತಿಗೆ ಹೊಂದಿಸಿದಂತೆಲ್ಲ ಅದರ ಕಣ್ಣು ತಾನಾಗಿಯೇ ಹಿರಿದಾಗುತ್ತದೆ. 1918ರಲ್ಲಿ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಇದಕ್ಕೆ ಜಾಣತನದ ಪರಿಹಾರವನ್ನು ಕಂಡುಹಿಡಿದರು. ಜರಡಿಯನ್ನು ಕಾಳಿನ ಬಳಿಗೆ ಒಯ್ಯುವ ಬದಲು ಕಾಳನ್ನೇ ಜರಡಿಯ ಬಳಿಗೆ ತರುವುದು ಅವರ ಉಪಾಯ. ಬಂದ ತರಂಗದೊಡನೆ ಗ್ರಾಹಕದಲ್ಲಿಯೇ ಹುಟ್ಟಿಸಿದ ಇನ್ನೊಂದು ತರಂಗವನ್ನು ಬೆರೆಸಿದರೆ ಅವುಗಳ ವ್ಯತ್ಯಾಸದ ಆವೃತ್ತಿಯೊಂದು ದೊರೆಯುತ್ತದೆ. ಎರಡನೆಯದನ್ನು ಸರಿಯಾಗಿ ಹೊಂದಿಸಿಕೊಂಡರೆ ಯಾವ ಕೇಂದ್ರವನ್ನಾದರೂ ಒಂದೇ ಗೊತ್ತಾದ ಆವೃತ್ತಿಗೆ ಇಳಿಸಬಹುದು. ಮನೆಮನೆಯ ರೇಡಿಯೋಗಳಲ್ಲಿ ಅದು ಸಾಮಾನ್ಯವಾಗಿ 455 ಕಿಲೋಹರ್ಟ್ಸ್ ಆಗಿತ್ತು. ಆ ಒಂದು ಸ್ಥಳದಲ್ಲಿ ಒಳ್ಳೆಯ ಶೋಧಕವೊಂದನ್ನು ಕೂರಿಸಿದರೆ ಎಲ್ಲ ಕೇಂದ್ರಗಳಿಗೂ ಅದೇ ಸಾಕು. ಬೆಲೆಬಾಳುವ ಯಂತ್ರಗಳಲ್ಲಿ ಸುರುಳಿಗಳ ಬದಲು ಬೆಣಚುಕಲ್ಲಿನ ಸ್ಫಟಿಕಗಳನ್ನು ಬಳಸಿದರು. ಒಂದೊಂದು ಅಗಲಕ್ಕೆ ಒಂದೊಂದು ಸ್ಫಟಿಕ ಶೋಧಕ. ಒಂದೊಂದಕ್ಕೂ ಬೇರೆ ಬೆಲೆ.

ಕಿರಿದಾದುದೇ ಯಾವಾಗಲೂ ಮೇಲೆಂದು ತಿಳಿಯುವುದೂ ತಪ್ಪಾದೀತು. ಆವೃತ್ತಿಯನ್ನೇ ಏರಿಳಿಸಿ ಧ್ವನಿಯನ್ನು ಸಾಗಿಸುವ ವಿಧಾನದಿಂದ ಜಾಗ ಉಳಿಯುತ್ತದೆಂದು ಕೆಲವರು ಒಮ್ಮೆ ಆಶಿಸಿದ್ದರು. 1922ರಲ್ಲಿ ಜಾನ್ ಕಾರ್ಸನ್ ಎಂಬ ಗಣಿತಜ್ಞರು ಆ ಆಸೆ ಹುಸಿಯೆಂದು ತೋರಿಸಿದರು. ಅವರ ಗಣಿತ ಸರಿಯಾಗಿಯೇ ಇತ್ತು. ಆರ್ಮ್‌ಸ್ಟ್ರಾಂಗ್ ಮಾತ್ರ ಅದರಿಂದ ಎದೆಗುಂದಲಿಲ್ಲ. ಜಾಗ ಉಳಿಸುವ ಆಸೆಯನ್ನೇ ಬಿಟ್ಟು ಇನ್ನೂ ಅಗಲವಾದ ಪಟ್ಟಿಯನ್ನು ಬಳಸಿದರು. ಅಗಲ ಹೆಚ್ಚಿದಂತೆ ಮಿಂಚುಸಿಡಿಲುಗಳ ಚಟಪಟ ಸದ್ದು ಬಹುಮಟ್ಟಿಗೆ ಅಡಗಿ, ಸಂಗೀತ ನಿರ್ಮಲವಾಗಿ ಕೇಳಿಸಿತು. 1935ರ ನವೆಂಬರಿನಲ್ಲಿ ನ್ಯೂಯಾರ್ಕಿನ ಎಂಜಿನಿಯರುಗಳ ಸಭೆಯಲ್ಲಿ ಅವರು ಅದನ್ನು ಪ್ರದರ್ಶಿಸಿದರು. ಎಫ್.ಎಂ. ಕೇಂದ್ರಗಳು 200 ಕಿಲೋಹರ್ಟ್ಸ್‌ಗಳಷ್ಟು ವಿಶಾಲವಾದ ಪಟ್ಟಿಯನ್ನು ಬೇಡುವುದು ಈ ಕಾರಣದಿಂದಲೇ. ಆ ಪ್ರಸಾರವನ್ನು 9 ಕಿಲೋಹರ್ಟ್ಸ್‌ಗಳ ಶೋಧಕದಲ್ಲಿ ಹಾಯಿಸಿದರೆ ಹರಿದ ತಗಡಿನ ಸದ್ದು ಬಂದೀತೇ ಹೊರತು ಹಾಡು ಬಾರದು.

ಇಂದಿನ ಗ್ರಾಹಕಗಳಲ್ಲಿ ಶೋಧಕವೆಂಬುದು ಕೈಯಿಂದ ಮುಟ್ಟಬಹುದಾದ ವಸ್ತುವಾಗಿ ಉಳಿದಿಲ್ಲ. ಅದು ಒಂದು ಲೆಕ್ಕವಾಗಿದೆ. ಏರಿಯಲ್ಲಿನಿಂದ ಬಂದ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದುಕೊಳ್ಳುತ್ತಾರೆ. ಪಟ್ಟಿಯ ಅಗಲದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಅದರಲ್ಲಿದ್ದ ಯಾವ ಅಂಶವೂ ತಪ್ಪಿಹೋಗುವುದಿಲ್ಲವೆಂಬುದು ಸಿದ್ಧವಾದ ಸಂಗತಿ. ಆ ಮೇಲೆ ನಡೆಯುವುದೆಲ್ಲ ಸಂಖ್ಯೆಗಳ ಕೂಡುವಿಕೆ, ಗುಣಿಸುವಿಕೆ.

ಸಂಖ್ಯೆಗಳನ್ನು ಕೂಡಿಸಿದರೆ ಒಂದು ಆವೃತ್ತಿ ಉಳಿದು ಇನ್ನೊಂದು ಮಾಯವಾಗುವುದು ಹೇಗೆ? ಇದು ಅಷ್ಟೇನೂ ಕಠಿಣವಲ್ಲ. 6, 6, 6, 6 ಎಂಬ ಸಂಖ್ಯೆಗಳು ಬರುತ್ತಿವೆಯೆನ್ನಿ. ಇವು ಏರಿಳಿತವೇ ಇಲ್ಲದ ನಿಧಾನದ ಸಂಕೇತ. ಪ್ರತಿ ಎರಡು ನೆರೆಯ ಸಂಖ್ಯೆಗಳ ಸರಾಸರಿಯನ್ನು ತೆಗೆದರೆ ಮತ್ತೆ 6, 6, 6 ಎಂದೇ ಬರುತ್ತದೆ. ಈಗ 6, -6, 6, -6 ಎಂಬ ಸಂಖ್ಯೆಗಳನ್ನು ತೆಗೆದುಕೊಳ್ಳಿ. ಇವು ಅತಿ ವೇಗದ ಕಂಪನ. ಅದೇ ಸರಾಸರಿಯ ಕ್ರಮದಿಂದ ಇವು 0, 0, 0 ಆಗುತ್ತವೆ. ಎಂದರೆ ನಿಧಾನವಾದುದು ಹಾದುಹೋಯಿತು, ವೇಗವಾದುದು ಅಳಿಸಿಹೋಯಿತು. ಸರಾಸರಿಯ ಬದಲು ವ್ಯತ್ಯಾಸದ ಅರ್ಧವನ್ನು ತೆಗೆದಿದ್ದರೆ ಇದೇ ತಿರುವುಮುರುವಾಗುತ್ತಿತ್ತು. ತಂತಿಯಿಲ್ಲ, ಸ್ಫಟಿಕವಿಲ್ಲ, ಕೂಡುವ ಚಿಹ್ನೆಯನ್ನು ಕಳೆಯುವ ಚಿಹ್ನೆಯಾಗಿ ಬದಲಾಯಿಸಿದ ಮಾತ್ರಕ್ಕೆ ಜರಡಿಯೇ ಬೇರೆಯಾಯಿತು.

ನಿಜವಾದ ಶೋಧಕವು ಎರಡು ಸಂಖ್ಯೆಗಳ ಬದಲು ನೂರಾರು ಸಂಖ್ಯೆಗಳನ್ನು ಒಟ್ಟಿಗೆ ತೆಗೆದುಕೊಂಡು, ಒಂದೊಂದನ್ನೂ ಅದಕ್ಕೆಂದೇ ಗೊತ್ತುಮಾಡಿದ ಗುಣಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸುತ್ತದೆ. ಆ ಗುಣಕಗಳ ಪಟ್ಟಿಯೇ ಶೋಧಕದ ಸರ್ವಸ್ವ. ಬೇಕಾದ ಅಗಲಕ್ಕೆ ತಕ್ಕ ಗುಣಕಗಳನ್ನು ಕಂಡುಹಿಡಿಯುವ ಉತ್ತಮ ವಿಧಾನವೊಂದನ್ನು 1972ರಲ್ಲಿ ಅಮೆರಿಕದ ಥಾಮಸ್ ಪಾರ್ಕ್ಸ್ ಮತ್ತು ಜೇಮ್ಸ್ ಮೆಕ್‌ಲೆಲನ್ ಎಂಬವರು ಪ್ರಕಟಿಸಿದರು. ಯಂತ್ರದ ಮುಂದೆ ಕುಳಿತವನು 9ರ ಬದಲು 6 ಎಂದು ಬರೆದ ಕೂಡಲೆ ಒಂದು ಪಟ್ಟಿ ಹೋಗಿ ಇನ್ನೊಂದು ಬರುತ್ತದೆ. ಬೆಸುಗೆಯ ಕಡ್ಡಿಯನ್ನು ಮುಟ್ಟಬೇಕಾಗಿಲ್ಲ.

ಆದರೆ ಲೆಕ್ಕದ ಜರಡಿಯೂ ಪುಕ್ಕಟೆಯಾಗಿ ಬರುವುದಿಲ್ಲ. ಶೋಧಕದ ಅಂಚು ಎಷ್ಟು ಕಡಿದಾಗಿರಬೇಕೊ ಅಷ್ಟು ಹೆಚ್ಚು ಗುಣಕಗಳು ಬೇಕು. ಸೆಕೆಂಡಿಗೆ 48,000 ಅಳತೆಗಳು ಬರುತ್ತಿವೆಯೆಂದೂ, ಪಟ್ಟಿಯ ಅಂಚಿನಿಂದ 500 ಹರ್ಟ್ಸ್ ಆಚೆಗೆ ನೆರೆಯವನ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಬೇಕೆಂದೂ ಇಟ್ಟುಕೊಂಡರೆ, ಸುಮಾರು 260 ಗುಣಕಗಳು ಬೇಕಾಗುತ್ತವೆ. ಎಂದರೆ ಸೆಕೆಂಡಿಗೆ ಒಂದು ಕೋಟಿ ಇಪ್ಪತ್ತನಾಲ್ಕು ಲಕ್ಷಕ್ಕೂ ಮಿಕ್ಕ ಗುಣಾಕಾರಗಳು. ಅಂಚನ್ನು 250 ಹರ್ಟ್ಸ್‌ಗಳಲ್ಲಿಯೇ ಮುಗಿಸಬೇಕೆಂದರೆ ಇದೆಲ್ಲವೂ ಇಮ್ಮಡಿ. ಇಂದಿನ ಯಂತ್ರಗಳಿಗೆ ಇದು ದೊಡ್ಡ ಹೊರೆಯಲ್ಲದಿರಬಹುದು. ಇನ್ನೊಂದು ಬೆಲೆಯನ್ನಂತೂ ಯಾವ ಯಂತ್ರವೂ ತಪ್ಪಿಸಲಾರದು. ಕಿರಿದಾದ ಶೋಧಕವು ನಿಧಾನಿ. ಒಂದು ಆವೃತ್ತಿಯನ್ನು ಅದರ ನೆರೆಯದರಿಂದ ಬೇರ್ಪಡಿಸಿ ಗುರುತಿಸಬೇಕಾದರೆ ಅದನ್ನು ಸಾಕಷ್ಟು ಹೊತ್ತು ಆಲಿಸಲೇಬೇಕು. 50 ಹರ್ಟ್ಸ್ ಅಗಲದ ಶೋಧಕ ಎಚ್ಚೆತ್ತುಕೊಳ್ಳುವುದಕ್ಕೆ ಸೆಕೆಂಡಿನ ಐವತ್ತನೆಯ ಒಂದು ಭಾಗ ಹಿಡಿಯುತ್ತದೆ, ಅಡಗುವುದಕ್ಕೂ ಅಷ್ಟೇ. ಚುರುಕಾದ ಕೈಯಿಂದ ಬರುವ ಮೋರ್ಸ್ ಚುಕ್ಕೆಗಳು ಅದರಲ್ಲಿ ಒಂದಕ್ಕೊಂದು ಅಂಟಿಕೊಂಡು, ಗುಡಿಯ ಗಂಟೆಯ ಅನುರಣನದಂತೆ ಗುಂಯ್‌ಗುಟ್ಟುತ್ತವೆ. ಅನುಭವಿಗಳು ಮೊದಲು ಅಗಲವಾದ ಶೋಧಕದಿಂದ ಹುಡುಕಿ, ಸಂಕೇತ ಸಿಕ್ಕಿದ ಮೇಲೆ ಮೆಲ್ಲನೆ ಕಿರಿದುಗೊಳಿಸುತ್ತಾರೆ.

ಅಗಲವನ್ನು ಗೊತ್ತುಮಾಡುವಾಗ ಸಂಕೇತದ ಅಗಲವನ್ನು ಮಾತ್ರ ನೋಡಿದರೆ ಸಾಲದು. ಸಂಕೇತವು ಇರುವ ಸ್ಥಳದ ಅನಿಶ್ಚಯವನ್ನೂ ಸೇರಿಸಿಕೊಳ್ಳಬೇಕು. ಗ್ರಾಹಕದ ಸ್ಫಟಿಕವು ಹತ್ತು ಲಕ್ಷದಲ್ಲಿ 20 ಪಾಲು ತಪ್ಪಿದರೆ 145 ಮೆಗಾಹರ್ಟ್ಸ್‌ನಲ್ಲಿ 2.9 ಕಿಲೋಹರ್ಟ್ಸ್‌ಗಳಷ್ಟು ವ್ಯತ್ಯಾಸವಾಗುತ್ತದೆ. ಅದರ ಮೇಲೆ ಚಲನೆಯ ಪರಿಣಾಮ ಬೇರೆ. ಹತ್ತಿರಕ್ಕೆ ಧಾವಿಸುವ ರೈಲಿನ ಸಿಳ್ಳು ತಾರವಾಗಿಯೂ ದೂರ ಸರಿಯುವಾಗ ಮಂದ್ರವಾಗಿಯೂ ಕೇಳುವುದಷ್ಟೆ. ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ ಈ ಪರಿಣಾಮ ರೇಡಿಯೋ ತರಂಗಗಳಿಗೂ ಅನ್ವಯಿಸುತ್ತದೆ. ಸೆಕೆಂಡಿಗೆ 7 ಕಿಲೋಮೀಟರು ವೇಗದಲ್ಲಿ ಸಮೀಪಿಸುವ ಉಪಗ್ರಹದ 145 ಮೆಗಾಹರ್ಟ್ಸ್ ಸಂಕೇತವು 3.4 ಕಿಲೋಹರ್ಟ್ಸ್‌ಗಳಷ್ಟು ಮೇಲಕ್ಕೆ ಸರಿದಿರುತ್ತದೆ. ನೆತ್ತಿಯನ್ನು ದಾಟಿದ ಮೇಲೆ ಅಷ್ಟೇ ಕೆಳಕ್ಕೆ ಜಾರುತ್ತದೆ. ಶೋಧಕವನ್ನು ಇದಕ್ಕೆ ಎಡೆಯಿಲ್ಲದಂತೆ ಬಿಗಿದರೆ ಉಪಗ್ರಹ ಕೂಗುತ್ತಿದ್ದರೂ ಗ್ರಾಹಕಕ್ಕೆ ಕೇಳದು.

ಇಂತಹುದೇ ಒಂದು ಬಿಗಿತ ಶನಿಗ್ರಹದ ಬಳಿ ಗಂಡಾಂತರವನ್ನು ಒಡ್ಡಿತ್ತು. 1997ರ ಅಕ್ಟೋಬರ್ 15ರಂದು ಅಮೆರಿಕದ ಕೇಪ್ ಕೆನಾವೆರಲ್‌ನಿಂದ ಕಸೀನಿ ಎಂಬ ನೌಕೆ ಹಾರಿತು. ಅದರ ಪಕ್ಕೆಯಲ್ಲಿ ಯೂರೋಪಿನ ಬಾಹ್ಯಾಕಾಶ ಸಂಸ್ಥೆಯ ಹೈಗನ್ಸ್ ಎಂಬ ಶೋಧನೌಕೆಯಿತ್ತು. ಶನಿಯ ಅತಿ ದೊಡ್ಡ ಉಪಗ್ರಹವಾದ ಟೈಟನ್ ಅನ್ನು 1655ರಲ್ಲಿ ಕಂಡುಹಿಡಿದ ಡಚ್ ವಿಜ್ಞಾನಿಯ ಹೆಸರೇ ಅದಕ್ಕೆ. ಟೈಟನ್‌ನ ಮೇಲೆ ದಟ್ಟವಾದ ಕಿತ್ತಳೆ ಬಣ್ಣದ ಮಂಜು ಸದಾ ಕವಿದಿದ್ದು, ಕೆಳಗೇನಿದೆಯೆಂಬುದು ಯಾರಿಗೂ ತಿಳಿದಿರಲಿಲ್ಲ. ಹೈಗನ್ಸ್ ಆ ಮಂಜಿನೊಳಗೆ ಪ್ಯಾರಚೂಟಿನಿಂದ ಇಳಿಯುತ್ತ, ಕಂಡುದನ್ನು ಕಸೀನಿಗೆ ರೇಡಿಯೋ ಮೂಲಕ ತಿಳಿಸಬೇಕು. ಕಸೀನಿ ಅದನ್ನು ಬರೆದಿಟ್ಟುಕೊಂಡು ಆ ಮೇಲೆ ಭೂಮಿಯ ಕಡೆಗೆ ತಿರುಗಿ ವರದಿ ಒಪ್ಪಿಸಬೇಕು. ಹೈಗನ್ಸಿನ ಬ್ಯಾಟರಿಗಳಿಗೆ ಕೆಲವೇ ಗಂಟೆಗಳ ಆಯುಸ್ಸು. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವುದಕ್ಕೆ ಅವಕಾಶವಿರಲಿಲ್ಲ.

ಮೂಲ ಯೋಜನೆಯಂತೆ ಕಸೀನಿಯು ಟೈಟನ್ ಕಡೆಗೆ ಸೆಕೆಂಡಿಗೆ ಐದೂವರೆ ಕಿಲೋಮೀಟರುಗಳಷ್ಟು ವೇಗದಲ್ಲಿ ನುಗ್ಗುತ್ತಿರುವಾಗ ಈ ಮಾತುಕತೆ ನಡೆಯಬೇಕಾಗಿತ್ತು. ಹೈಗನ್ಸಿನ ಪ್ರೇಷಕದ ಆವೃತ್ತಿ ಸುಮಾರು 2,000 ಮೆಗಾಹರ್ಟ್ಸ್. ಡಾಪ್ಲರ್ ಪರಿಣಾಮದಿಂದ ಅದು 38 ಕಿಲೋಹರ್ಟ್ಸ್‌ಗಳ ಆಸುಪಾಸಿನಷ್ಟು ಸರಿಯುವುದೆಂಬುದನ್ನು ಗ್ರಾಹಕವನ್ನು ರೂಪಿಸಿದವರು ಮರೆತಿರಲಿಲ್ಲ. ವಾಹಕ ತರಂಗವನ್ನು ಹಿಡಿಯುವ ಭಾಗಕ್ಕೆ ಬೇಕಾದಷ್ಟು ಅಗಲ ಕೊಟ್ಟಿದ್ದರು. ಆದರೆ ವಾಹಕದೊಡನೆ ಹೊರೆಯೂ ಬೇಗ ಬರುತ್ತದೆ. ಹೈಗನ್ಸ್ ಸೆಕೆಂಡಿಗೆ 8,192 ಬಿಟ್ಟುಗಳನ್ನು, ಎಂದರೆ ಸೊನ್ನೆ-ಒಂದುಗಳನ್ನು, ಕಳುಹಿಸಬೇಕಾಗಿತ್ತು. ವೇಗದ ದೆಸೆಯಿಂದ ಅವು ಕಸೀನಿಯನ್ನು ತುಸು ಅವಸರವಾಗಿ ಮುಟ್ಟುತ್ತವೆ. ಏಳು ಸೆಕೆಂಡಿಗೆ ಸರಿಸುಮಾರು ಒಂದು ಬಿಟ್ಟಿನಷ್ಟು ಮುಂದು. ಗಾಯಕನು ಕಾಲವನ್ನು ಕೂದಲೆಳೆಯಷ್ಟು ಏರಿಸಿದರೂ ಮೃದಂಗದವನು ಅದನ್ನು ಗ್ರಹಿಸಿ ಅನುಸರಿಸಬೇಕು. ಗ್ರಾಹಕದಲ್ಲಿ ಬಿಟ್ಟುಗಳ ಲಯವನ್ನು ಅನುಸರಿಸುವ ಭಾಗಕ್ಕೂ ಒಂದು ಪಟ್ಟಿಯಗಲವುಂಟು. ಅದು ಕೇಂದ್ರಗಳನ್ನು ಬೇರ್ಪಡಿಸುವ ಶೋಧಕವಲ್ಲವಾದರೂ ಅದರ ಸೋದರನೇ: ಕಿರಿದಾದರೆ ಗದ್ದಲಕ್ಕೆ ಕದಲದು, ಅಗಲವಾದರೆ ಬದಲಾವಣೆಗೆ ಒಗ್ಗುವುದು. ಕಸೀನಿಯಲ್ಲಿ ಅದನ್ನು ತೀರ ಕಿರಿದಾಗಿ ಇರಿಸಲಾಗಿತ್ತು. ಹಾರುವ ಮೊದಲು ಚಲನೆಯ ಪರಿಣಾಮವನ್ನೂ ಸೇರಿಸಿಕೊಂಡು ಪೂರ್ಣ ಪರೀಕ್ಷೆ ನಡೆಸಿರಲಿಲ್ಲವಾದುದರಿಂದ ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ಬಂದದ್ದು ಯೂರೋಪಿನ ಸಂಸ್ಥೆಯ ಎಂಜಿನಿಯರ್ ಬೋರಿಸ್ ಸ್ಮೆಡ್ಸ್ ಅವರ ಹಟದಿಂದ. ನೌಕೆ ಹಾರಿಹೋದ ಮೇಲಾದರೂ ಸರಿಯೆ, ನಿಜವಾದ ಇಳಿತದ ಸಂಕೇತವನ್ನೇ ಹೋಲುವ, ಡಾಪ್ಲರ್ ಸರಿತವುಳ್ಳ ಸಂಕೇತವೊಂದನ್ನು ಭೂಮಿಯಿಂದ ಕಳುಹಿಸಿ ನೋಡಬೇಕೆಂದು ಅವರು ವಾದಿಸಿದರು. ವಾಹಕ ತರಂಗವೊಂದನ್ನೇ ಕಳುಹಿಸುವ ಸರಳ ಪರೀಕ್ಷೆ ಸಾಕೆಂದವರೂ ಇದ್ದರು. ಕೊನೆಗೆ 2000ದ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನ್ ಏರಿಯಲ್ಲಿನಿಂದ ಸ್ಮೆಡ್ಸ್ ಆ ಪರೀಕ್ಷೆಯನ್ನು ನಡೆಸಿದರು. ಕಸೀನಿ ಆಗ ಗುರುಗ್ರಹದ ದಾರಿಯಲ್ಲಿತ್ತು. ಉತ್ತರ ಬಂದಾಗ ವಾಹಕ ಸೊಗಸಾಗಿ ಕೇಳಿಸಿತ್ತು. ಅದರ ಮೇಲಿನ ಸುದ್ದಿ ಮಾತ್ರ ಚಿಂದಿಚಿಂದಿಯಾಗಿತ್ತು. ಸರಳ ಪರೀಕ್ಷೆಯನ್ನೇ ಮಾಡಿದ್ದರೆ ಎಲ್ಲವೂ ಸರಿಯಾಗಿದೆಯೆಂದು ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು.

ಒಂದು ಸಂಖ್ಯೆಯನ್ನು ಬದಲಾಯಿಸಿದ್ದರೆ ತೀರುತ್ತಿದ್ದ ತೊಂದರೆ ಅದು. ಆದರೆ ಆ ಸಂಖ್ಯೆಯನ್ನು ಭೂಮಿಯಿಂದ ಆಜ್ಞೆ ಕಳುಹಿಸಿ ತಿದ್ದುವಂತಿರಲಿಲ್ಲ. ಗ್ರಾಹಕದೊಳಗೆ ಅದನ್ನು ಶಾಶ್ವತವಾಗಿ ಅಚ್ಚೊತ್ತಿದ್ದರು. ಗ್ರಾಹಕವಾದರೊ ಕೋಟಿಗಟ್ಟಲೆ ಕಿಲೋಮೀಟರುಗಳ ದೂರದಲ್ಲಿತ್ತು. ಜರಡಿಯ ಕಣ್ಣನ್ನು ಹಿಗ್ಗಿಸುವಂತಿಲ್ಲವೆಂದ ಮೇಲೆ ಕಾಳನ್ನೇ ಅದಕ್ಕೆ ಹೊಂದಿಸಬೇಕು. ಯೂರೋಪ್ ಮತ್ತು ಅಮೆರಿಕಗಳ ತಜ್ಞರು ತಿಂಗಳುಗಟ್ಟಲೆ ಲೆಕ್ಕ ಹಾಕಿ ಒಂದು ದಾರಿಯನ್ನು ಕಂಡರು. ನೇರವಾಗಿ ಎದುರಿಗೆ ಬರುವ ಗಾಡಿಯ ವೇಗ ಪೂರ್ತಿಯಾಗಿ ತಟ್ಟುತ್ತದೆ. ದೂರದಲ್ಲಿ ಅಡ್ಡಲಾಗಿ ಹಾದುಹೋಗುವ ಗಾಡಿ ಎಷ್ಟು ಓಡಿದರೂ ನೋಡುವವನಿಗೂ ಅದಕ್ಕೂ ನಡುವಣ ಅಂತರ ಅಷ್ಟಾಗಿ ಬದಲಾಗುವುದಿಲ್ಲ. ಕಸೀನಿಯು ಟೈಟನ್‌ನಿಂದ 1,200 ಕಿಲೋಮೀಟರುಗಳಷ್ಟು ಹತ್ತಿರ ಹಾಯುವ ಬದಲು 60,000 ಕಿಲೋಮೀಟರು ದೂರದಿಂದ ಪಕ್ಕಕ್ಕೆ ಸರಿದು ಹೋಗಲಿ, ಆಗ ಡಾಪ್ಲರ್ ಪರಿಣಾಮ ಗ್ರಾಹಕ ತಾಳುವಷ್ಟಕ್ಕೆ ಇಳಿಯುತ್ತದೆ ಎಂದು ತೀರ್ಮಾನಿಸಿದರು. ಒಂದು ಪಟ್ಟಿಯಗಲದ ತಪ್ಪಿಗಾಗಿ ಶನಿಯ ಸುತ್ತಲಿನ ಕಕ್ಷೆಗಳನ್ನೇ ಹೊಸದಾಗಿ ಹೆಣೆಯಬೇಕಾಯಿತು. ಇಳಿಯುವ ದಿನವನ್ನೂ ಮುಂದಕ್ಕೆ ಹಾಕಬೇಕಾಯಿತು.

2004ರ ಡಿಸೆಂಬರ್ 25ರಂದು ಹೈಗನ್ಸ್ ಕಸೀನಿಯಿಂದ ಬೇರ್ಪಟ್ಟಿತು. 2005ರ ಜನವರಿ 14ರಂದು ಟೈಟನ್‌ನ ವಾಯುಮಂಡಲವನ್ನು ಹೊಕ್ಕು, ಎರಡೂವರೆ ಗಂಟೆಗಳಷ್ಟು ಹೊತ್ತು ತೇಲುತ್ತ ಇಳಿದು ನೆಲ ಮುಟ್ಟಿತು. ಸೊನ್ನೆಗಿಂತ ಸುಮಾರು 180 ಡಿಗ್ರಿ ಸೆಂಟಿಗ್ರೇಡು ಕೆಳಗಿನ ಆ ಚಳಿಯಲ್ಲಿಯೂ ಅದು ಮಾತನಾಡುತ್ತಲೇ ಇತ್ತು. ಕಸೀನಿಯ ಗ್ರಾಹಕ ಈ ಬಾರಿ ಲಯ ತಪ್ಪಲಿಲ್ಲ. ಕವಲೊಡೆದು ಹರಿದ ಹೊಳೆಯ ಪಾತ್ರಗಳಂತಹ ಗೆರೆಗಳು, ನೀರಿನಲ್ಲಿ ಉರುಳಿ ನುಣುಪಾದ ಕಲ್ಲುಗಳಂತಹ ಹಿಮದ ಗುಂಡುಗಳು, ಇವುಗಳ ಚಿತ್ರಗಳು ಭೂಮಿಗೆ ಬಂದವು. ಅಲ್ಲಿ ಹರಿದುದು ನೀರಲ್ಲ, ದ್ರವರೂಪದ ಮೀಥೇನ್.

ಆ ದಿನವೂ ಒಂದು ಲೋಪ ನಡೆಯದಿರಲಿಲ್ಲ. ಹೈಗನ್ಸ್ ಎರಡು ವಾಹಕಗಳ ಮೇಲೆ ಸುದ್ದಿ ಕಳುಹಿಸುತ್ತಿತ್ತು. ಕಸೀನಿಯಲ್ಲಿ ಅವುಗಳಲ್ಲಿ ಒಂದಕ್ಕೆ ಬೇಕಾದ ಆಜ್ಞೆ ಆಜ್ಞಾವಳಿಯಿಂದ ಬಿಟ್ಟುಹೋಗಿ, ಆ ವಾಹಕದ ಮೇಲೆ ಬಂದುದೆಲ್ಲವೂ ಕಳೆದುಹೋಯಿತು. ಚಿತ್ರಗಳಲ್ಲಿ ಸುಮಾರು 350 ಮಾತ್ರ ಉಳಿದುವು, ಅಷ್ಟೇ ಚಿತ್ರಗಳು ನಷ್ಟವಾದುವು. ಟೈಟನ್‌ನ ಗಾಳಿಯ ವೇಗವನ್ನು ಅಳೆಯುವ ಪ್ರಯೋಗ ಆ ಕಳೆದುಹೋದ ವಾಹಕವನ್ನೇ ನೆಚ್ಚಿಕೊಂಡಿತ್ತು. ಆದರೆ ಅದೇ ಹೊತ್ತಿನಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್‌ನ ರೇಡಿಯೋ ದೂರದರ್ಶಕವೂ ಬೇರೆ ಬೇರೆ ದೇಶಗಳ ಇತರ ದೂರದರ್ಶಕಗಳೂ ಸುಮಾರು 120 ಕೋಟಿ ಕಿಲೋಮೀಟರುಗಳ ದೂರದಿಂದ ಆ ವಾಹಕಕ್ಕೆ ಕಿವಿಗೊಟ್ಟಿದ್ದುವು. ಹತ್ತು ವಾಟುಗಳಷ್ಟರ ಆ ಪ್ರೇಷಕದ ಸುದ್ದಿಯನ್ನು ಅಷ್ಟು ದೂರದಿಂದ ಓದುವುದು ಅಸಾಧ್ಯವಾಗಿತ್ತು. ಸುದ್ದಿಗೆ ಅಗಲ ಬೇಕು, ಅಗಲಕ್ಕೆ ಗದ್ದಲ ಬೆನ್ನಟ್ಟಿ ಬರುತ್ತದೆ. ವಾಹಕವೊಂದನ್ನೇ ಕೇಳುವುದಕ್ಕೆ ಅಗಲ ಬೇಕಾಗಿರಲಿಲ್ಲ. ಅತ್ಯಂತ ಕಿರಿದಾದ ಶೋಧಕಗಳ ಮೂಲಕ ಆ ಒಂದು ಗೆರೆಯನ್ನು ಗದ್ದಲದಿಂದ ಮೇಲೆತ್ತಿ, ಗಾಳಿಯಲ್ಲಿ ತೇಲುತ್ತಿದ್ದ ನೌಕೆಯೊಡನೆ ಅದು ಅತ್ತಿತ್ತ ಸರಿಯುವುದನ್ನು ಗುರುತಿಸಿದರು. ಟೈಟನ್‌ನ ಮೇಲಿನ ಪದರಗಳಲ್ಲಿ ಬಿರುಗಾಳಿಯೆಂದೂ, 80 ಕಿಲೋಮೀಟರುಗಳ ಎತ್ತರದ ಸುಮಾರಿಗೆ ಅದು ಅನಿರೀಕ್ಷಿತವಾಗಿ ತಗ್ಗುವುದೆಂದೂ, ನೆಲದ ಬಳಿ ನಡೆಯುವ ಮನುಷ್ಯನ ವೇಗಕ್ಕಿಂತ ಹೆಚ್ಚಿಲ್ಲದ ಮೆಲುಗಾಳಿಯೆಂದೂ ತಿಳಿದುಬಂದದ್ದು ಹೀಗೆ.